ಪಾಸ್ಖ ಹಬ್ಬದ ರಾತ್ರಿ ಅಳಬಹುದೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ನನ್ನ ಯಜಮಾನರು ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೊನೆಗಾರರಾಗಿದ್ದರು. ಎರಡು ಮಳೆಗಾಲದ ಹಿಂದೆ ಅಡಿಕೆಗೆ ಔಷಧಿ ಹೊಡೆಯಲು ಮರ ಹತ್ತಿದವರು ಜಾರಿ ಬಿದ್ದು ತೀರಿಕೊಂಡರು. ಕಳೆದ ಪಾಸ್ಖ (ಈಸ್ಟರ್) ಹಬ್ಬದ ರಾತ್ರಿ ಪೂಜೆಯಲ್ಲಿ ಎಲ್ಲರೂ ‘ಅಲ್ಲೆಲೂಯ’ ಹಾಡುವಾಗ ನನಗೆ ಅಳು ತಡೆಯಲಾಗಲಿಲ್ಲ, ಅರ್ಧಕ್ಕೇ ಎದ್ದು ಬಂದೆ. ‘ವಿಶ್ವಾಸ ಇರುವವರು ಹೀಗೆ ಅಳಬಾರದು, ಅವರು ದೇವರ ಬಳಿ ಇದ್ದಾರಲ್ಲ’ ಎಂದು ಹಿರಿಯರೊಬ್ಬರು ಹೇಳಿದರು. ಸತ್ತು ಸಮಾಧಿಯಲ್ಲಿದ್ದ ಲಾಸರನನ್ನು ಎಬ್ಬಿಸಿದ ಯೇಸುಸ್ವಾಮಿ ನನ್ನ ಗಂಡನನ್ನು ಏಕೆ ಎಬ್ಬಿಸಲಿಲ್ಲ? ದ್ವಿತೀಯ ಪಿಯುಸಿ ಓದುತ್ತಿರುವ ಮಗ ‘ಯೇಸು ಎದ್ದದ್ದನ್ನು ಕಂಡವರು ಯಾರು?’ ಎಂದು ಕೇಳುತ್ತಾನೆ. ಪರೀಕ್ಷೆ ಮುಗಿದ ಮೇಲೆ ಓದು ಬಿಟ್ಟು ಅಪ್ಪನ ಹಾಗೆ ಮರ ಹತ್ತುತ್ತೇನೆ ಎನ್ನುತ್ತಾನೆ. ನನಗೆ ರಾತ್ರಿಯಾದರೆ ಹೆದರಿಕೆ, ನಿದ್ದೆ ಇಲ್ಲ. ಪುನರುತ್ಥಾನದ ಮಾತು ನನ್ನಂಥವಳಿಗೆ ಯಾವ ಧೈರ್ಯ ಕೊಡುತ್ತದೆ, ಫಾದರ್? ಈ ಸಲ ಹಬ್ಬಕ್ಕೆ ಹೋಗಲೇ, ಬೇಡವೇ?

ಉತ್ತರ:

ಅಮ್ಮಾ,

ಮೊದಲು ಆ ಹಿರಿಯರ ಮಾತನ್ನು ಪಕ್ಕಕ್ಕಿಡೋಣ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಆದರೆ ಅದು ಯೇಸುವಿನ ಬಾಳನ್ನು ಹೇಳುವ ಶುಭಸಂದೇಶದ ಮಾತಲ್ಲ. ಬೈಬಲಿನ ಹೊಸ ಒಡಂಬಡಿಕೆಯನ್ನು ಮೂವತ್ತು ವರ್ಷ ಪಾಠ ಹೇಳಿದವನಾಗಿ ಇದನ್ನು ಹಿಂಜರಿಯದೆ ಹೇಳುತ್ತೇನೆ.

ಯೊವಾನ್ನನ ಶುಭಸಂದೇಶದ 20ನೆಯ ಅಧ್ಯಾಯ ತೆರೆದು ನೋಡಿ. ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡಿ ಬಂದು, ಬರಿದಾದ ಸಮಾಧಿಯನ್ನು ಕಂಡು, ಮನೆಗೆ ಹಿಂದಿರುಗಿದರು. ಯೇಸುವಿನ ಶಿಷ್ಯೆ ಮಗ್ದಲದ ಮರಿಯ ಹೋಗಲಿಲ್ಲ. ಅಲ್ಲೇ ಹೊರಗೆ ಅಳುತ್ತಾ ನಿಂತಳು. ‘ಏಕೆ ಅಳುತ್ತಿರುವೆ?’ ಎಂದು ದೂತರು ಕೇಳಿದರು. ಎದ್ದು ಬಂದ ಯೇಸುಸ್ವಾಮಿಯೂ ಅದನ್ನೇ ಕೇಳಿದರು. ಕೇಳಿದರು, ಅಷ್ಟೇ, ಅಳಬೇಡವೆಂದು ಗದರಲಿಲ್ಲ. ಅವಳು ಅವರನ್ನು ತೋಟ ನೋಡಿಕೊಳ್ಳುವವನೆಂದು ತಿಳಿದಳು. ಹೆಸರು ಹಿಡಿದು ‘ಮರಿಯ’ ಎಂದು ಕರೆದಾಗಲೇ ಗುರುತು ಹತ್ತಿದ್ದು. ಅವಳು ಕಣ್ಣೊರೆಸಿಕೊಂಡು, ವಿಶ್ವಾಸವನ್ನು ಗಟ್ಟಿ ಮಾಡಿಕೊಂಡ ಮೇಲೆ ಸ್ವಾಮಿ ಕಾಣಿಸಿಕೊಂಡದ್ದಲ್ಲ. ಅಳುತ್ತಿದ್ದವಳ ಬಳಿಗೇ ಬಂದರು, ಎಲ್ಲರಿಗಿಂತ ಮೊದಲು.

ಇದನ್ನು ನಾನು ತಡವಾಗಿ ಕಲಿತೆ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಹೊಸನಗರದ ಕಡೆ ಒಂದು ಮನೆಗೆ ಸಾಂತ್ವನ ಹೇಳಲು ಹೋಗಿದ್ದೆ. ಮಗುವನ್ನು ಕಳೆದುಕೊಂಡಿದ್ದ ತಾಯಿಗೆ ನಿಮ್ಮ ಆ ಹಿರಿಯರು ಹೇಳಿದ ಮಾತನ್ನೇ ಹೇಳಿದೆ. ಆಕೆ ತಲೆಯಾಡಿಸಿ ಒಳಗೆ ಹೋದವರು ನಾನಿರುವ ತನಕ ಹೊರಗೆ ಬರಲಿಲ್ಲ. ಆ ಬಾಗಿಲು ಇಂದಿಗೂ ನನ್ನ ಕಣ್ಣ ಮುಂದಿದೆ. ಅವತ್ತು ನಾನು ಬಾಯಿ ಮುಚ್ಚಿಕೊಂಡು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರೆ ಅದೇ ಹೆಚ್ಚು ಕ್ರೈಸ್ತವಾಗಿರುತ್ತಿತ್ತು.

ಕ್ರಿ.ಶ. 50ರ ಸುಮಾರಿಗೆ ಯೇಸುವಿನ ಪ್ರೇಷಿತ ಪೌಲನು ಥೆಸಲೋನಿಕದವರಿಗೆ ಬರೆದ ಪತ್ರ ನಮ್ಮ ಕೈಗೆ ಸಿಕ್ಕಿರುವ ಕ್ರೈಸ್ತ ಬರಹಗಳಲ್ಲಿ ಅತ್ಯಂತ ಹಳೆಯದೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆ ಊರಿನ ವಿಶ್ವಾಸಿಗಳು ತಮ್ಮಲ್ಲಿ ಸತ್ತವರ ಗತಿ ಏನೆಂದು ಕಂಗಾಲಾಗಿದ್ದರು. ‘ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ’ ಎಂದು ಪೌಲ ಬರೆದ. ‘ದುಃಖಿಸಬೇಡಿ’ ಎಂದಷ್ಟೇ ಬರೆದು ನಿಲ್ಲಿಸಲಿಲ್ಲ. ಆ ವಾಕ್ಯದ ಅರ್ಧವನ್ನು ಕತ್ತರಿಸಿ ದುಃಖದಲ್ಲಿರುವವರ ಮೇಲೆ ಎಸೆಯುವ ಅಭ್ಯಾಸ ನಮ್ಮ ನಡುವೆ ಬೆಳೆದಿದೆ. ನಿರೀಕ್ಷೆ ಇಟ್ಟುಕೊಂಡೂ ಮನಸಾರೆ ಅಳಬಹುದು. ಲಾಸರನ ಸಮಾಧಿಯ ಬಳಿ ಸ್ವಾಮಿಯೇ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವವರಿದ್ದರು, ಆದರೂ ಅತ್ತರು.

ಇಲ್ಲಿಗೆ ನಿಮ್ಮ ಕಷ್ಟದ ಪ್ರಶ್ನೆ ಬಂತು. ಲಾಸರನನ್ನು ಎಬ್ಬಿಸಿದವರು ನಿಮ್ಮ ಯಜಮಾನರನ್ನು ಏಕೆ ಎಬ್ಬಿಸಲಿಲ್ಲ? ಏಕೆಂದು ನನಗೆ ಗೊತ್ತಿಲ್ಲ, ಅಮ್ಮಾ. ಗೊತ್ತಿದೆ ಎನ್ನುವವರ ಮಾತನ್ನು ನಂಬಬೇಡಿ. ಆದರೆ ನಿಮ್ಮ ಪ್ರಶ್ನೆ ಬೈಬಲಿನೊಳಗೇ ಇದೆ. ‘ಸ್ವಾಮೀ, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎಂದು ಮಾರ್ತ ದೂರಿದಳು. ಅವಳ ತಂಗಿ ಮರಿಯಳೂ ಬಂದು ಅದೇ ಮಾತನ್ನು ಹೇಳಿದಳು. ಒಂದೇ ಅಧ್ಯಾಯದಲ್ಲಿ ಒಂದೇ ದೂರು ಎರಡು ಸಲ. ಇಬ್ಬರಲ್ಲಿ ಯಾರಿಗೂ ‘ಹಾಗೆಲ್ಲ ಕೇಳಬಾರದು’ ಎಂಬ ಉತ್ತರ ಸಿಗಲಿಲ್ಲ. ನೀವು ಮೂರನೆಯವರು. ಕೇಳುತ್ತಲೇ ಇರಿ.

ಒಂದನ್ನು ಮಾತ್ರ ಬಿಡಿಸಿ ಹೇಳಬಲ್ಲೆ. ಲಾಸರನಿಗೆ ಸಿಕ್ಕಿದ್ದೂ ಯೇಸುಸ್ವಾಮಿಗೆ ಆದದ್ದೂ ಒಂದಲ್ಲ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟನ್ನು ನೀವು ನೋಡಿರಬಹುದು, ಮಡೆನೂರು ಅಣೆಕಟ್ಟು ಎಂದೂ ಕರೆಯುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಅದು ಹಿನ್ನೀರಿನಲ್ಲಿ ಮುಳುಗಿತು. ಮಳೆ ಕಡಿಮೆಯಾದ ವರ್ಷ, ಬೇಸಿಗೆಯಲ್ಲಿ ನೀರು ಇಳಿದಾಗ ಇದ್ದ ಹಾಗೆಯೇ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಹೋಗಿ ಅದರ ಮೇಲೆ ನಡೆದಾಡಿ ಬರುತ್ತಾರೆ. ಮಳೆ ಹಿಡಿದರೆ ಮತ್ತೆ ಮುಳುಗುತ್ತದೆ. ಲಾಸರ ಎದ್ದು ಬಂದದ್ದು ಅಂಥದ್ದು. ಅವನು ಹಳೆಯ ಬಾಳಿಗೆ ಮರಳಿದ, ಮುಂದೊಂದು ದಿನ ಮತ್ತೆ ಸತ್ತ. ಅವನ ಅಕ್ಕತಂಗಿಯರು ಬದುಕಿದ್ದರೆ ಅವರಿಗೆ ಎರಡನೆಯ ಸಲ ಅಳುವ ಪಾಳಿ ಬಂದಿರಬೇಕು. ಅದೊಂದು ಗುರುತು ಮಾತ್ರ. ಕ್ರಿಸ್ತರು ಹಾಗೆ ಹಳೆಯ ಬಾಳಿಗೆ ಹಿಂದಿರುಗಲಿಲ್ಲ, ಸಾವನ್ನು ದಾಟಿ ಆಚೆಗೆ ಹೋದರು. ‘ಇನ್ನು ಅವರಿಗೆ ಸಾವಿಲ್ಲ’ ಎಂದು ಪೌಲ ರೋಮಿನವರಿಗೆ ಬರೆದದ್ದರ ಅರ್ಥ ಇದು. ನಿಮ್ಮ ಯಜಮಾನರಿಗಾಗಿ ನಾವು ಎದುರು ನೋಡುತ್ತಿರುವುದು ಲಾಸರನ ಪಾಲನ್ನಲ್ಲ, ಕ್ರಿಸ್ತರ ಪಾಲನ್ನು.

ಮೊದಲ ಮಳೆಗೆ ಗುಡ್ಡ ಹಸಿರಾಗುವುದನ್ನು ತೋರಿಸಿ ಪುನರುತ್ಥಾನ ಎಂದರೆ ಹೀಗೆ ಎಂದು ನಾನೂ ಪ್ರಬೋಧನೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಹುಲ್ಲು ಪ್ರತಿ ವರ್ಷ ತಾನಾಗಿಯೇ ಚಿಗುರುತ್ತದೆ, ಮನುಷ್ಯ ಚಿಗುರುವುದಿಲ್ಲ. ಪೌಲನೂ ಬೀಜದ ಹೋಲಿಕೆ ಕೊಟ್ಟಿದ್ದಾನೆ ನಿಜ, ಆದರೆ ಬೀಜಕ್ಕೆ ಹೊಸ ಒಡಲು ಕೊಡುವವನು ದೇವರು ಎಂದು ಕೂಡಲೇ ಸೇರಿಸುತ್ತಾನೆ. ನಮ್ಮ ನಂಬಿಕೆ ನಿಂತಿರುವುದು ಋತುಮಾನದ ಮೇಲಲ್ಲ, ದೇವರ ನಿಷ್ಠೆಯ ಮೇಲೆ.

ಈಗ ಧೈರ್ಯದ ಮಾತು. ‘ಪುನರುತ್ಥಾನ’ ಎಂಬುದು ದೊಡ್ಡ ಸಂಸ್ಕೃತ ಪದ, ದೇವಾಲಯದಲ್ಲಿ ಕೇಳುವಾಗ ಎಲ್ಲೋ ಆಕಾಶದ ಮಾತಿನಂತೆ ಕೇಳುತ್ತದೆ. ಒಡೆದು ನೋಡಿದರೆ ಸರಳ: ಉತ್ಥಾನ ಎಂದರೆ ಏಳುವುದು. ಕಾರ್ತಿಕದಲ್ಲಿ ನಿಮ್ಮ ನೆರೆಮನೆಯವರು ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ನೆಟ್ಟು ಆಚರಿಸುವ ಉತ್ಥಾನ ದ್ವಾದಶಿಯಲ್ಲಿರುವುದೂ ಇದೇ ಪದ. ಗ್ರೀಕಿನಲ್ಲಿ ಶುಭಸಂದೇಶಕಾರರು ಬಳಸಿದ ಕ್ರಿಯಾಪದ ಇನ್ನೂ ಮನೆಮಾತಿನದು. ಪೇತ್ರನ ಅತ್ತೆ ಜ್ವರ ಬಂದು ಮಲಗಿದ್ದಳು, ಯೇಸು ಕೈಹಿಡಿದು ಅವಳನ್ನು ‘ಎಬ್ಬಿಸಿದರು’ ಎಂದು ಮಾರ್ಕ ಮೊದಲ ಅಧ್ಯಾಯದಲ್ಲಿ ಬರೆಯುತ್ತಾನೆ. ಅದೇ ಕ್ರಿಯಾಪದವನ್ನು ಕೊನೆಯ ಅಧ್ಯಾಯದಲ್ಲಿ ಸಮಾಧಿಯ ಬಳಿ ಬಳಸುತ್ತಾನೆ: ಅವರನ್ನು ಎಬ್ಬಿಸಲಾಗಿದೆ, ಇಲ್ಲಿಲ್ಲ. ಜ್ವರದ ಹಾಸಿಗೆಯಿಂದ ಏಳುವುದಕ್ಕೂ ಸಾವಿನಿಂದ ಏಳುವುದಕ್ಕೂ ಮಾರ್ಕನಿಗೆ ಒಂದೇ ಮಾತು ಸಾಕಾಯಿತು.

ನೀವು ಪತ್ರದಲ್ಲಿ ಬರೆಯದೆ ಬಿಟ್ಟದ್ದನ್ನು ನಾನು ಊಹಿಸಬಲ್ಲೆ. ನಿದ್ದೆಯಿಲ್ಲದ ರಾತ್ರಿ ಕಳೆದು ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತೀರಿ, ಮಗನಿಗೆ ಬುತ್ತಿ ಕಟ್ಟುತ್ತೀರಿ, ಕೂಲಿಗೆ ಹೋಗುತ್ತೀರಿ. ಎರಡು ಮಳೆಗಾಲ ಹೀಗೆ ಎದ್ದಿದ್ದೀರಿ. ನಿಮ್ಮಲ್ಲಿ ಧೈರ್ಯವಿಲ್ಲವೆಂದು ಹೇಳಿದವರು ಯಾರು? ನಿಮ್ಮನ್ನು ದಿನವೂ ಕೈಹಿಡಿದು ಎಬ್ಬಿಸುತ್ತಿರುವ ಬಲ ಕ್ರಿಸ್ತರನ್ನು ಎಬ್ಬಿಸಿದ ಬಲವೇ ಎಂದು ನಾನು ನಂಬುತ್ತೇನೆ. ಹಬ್ಬದ ಸಂಭ್ರಮ ಮನಸ್ಸಿಗೆ ಬರಲಿಲ್ಲವೆಂದು ಪುನರುತ್ಥಾನ ನಿಮ್ಮನ್ನು ಬಿಟ್ಟು ಹೋಗಿದೆ ಎಂದು ತಿಳಿಯಬೇಡಿ.

ಹೆದರಿಕೆಯೂ ಅಪರಾಧವಲ್ಲ. ಮಾರ್ಕನ ಶುಭಸಂದೇಶ ನಾಲ್ಕರಲ್ಲಿ ಹಳೆಯದು. ಅದರ ಅತಿ ಪ್ರಾಚೀನ ಪೂರ್ಣ ಪ್ರತಿಗಳಾದ ಸಿನಾಯ್ ಪ್ರತಿ, ವ್ಯಾಟಿಕನ್ ಪ್ರತಿ, ಎರಡೂ 4ನೆಯ ಶತಮಾನದವು, 16ನೆಯ ಅಧ್ಯಾಯದ 8ನೆಯ ವಚನಕ್ಕೆ ನಿಂತುಬಿಡುತ್ತವೆ. ಆ ವಚನದಲ್ಲಿ ಏನಿದೆ? ಹೆಂಗಸರು ನಡುಗುತ್ತಾ ಸಮಾಧಿಯಿಂದ ಓಡಿದರು, ಯಾರಿಗೂ ಏನೂ ಹೇಳಲಿಲ್ಲ, ಏಕೆಂದರೆ ಅವರು ಹೆದರಿದ್ದರು. ಅಲ್ಲಿಗೆ ಮುಗಿಯಿತು. ಈಗ ಬೈಬಲಿನಲ್ಲಿ ಮುಂದೆ ಅಚ್ಚಾಗಿರುವ ವಚನಗಳು ಆಮೇಲೆ ಸೇರಿದವು ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ, ನಮ್ಮ ಧರ್ಮಸಭೆ ಅವನ್ನೂ ಪವಿತ್ರ ಗ್ರಂಥವಾಗಿಯೇ ಸ್ವೀಕರಿಸಿದೆ. ಆದರೂ ಮಾರ್ಕ ತನ್ನ ಕಥೆಯನ್ನು ಹೆದರಿಕೆಯ ನಡುವೆಯೇ ನಿಲ್ಲಿಸಲು ಅಳುಕಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಉಕ್ಕುತ್ತದೆ. ಹೆದರಿದ ಆ ಹೆಂಗಸರು ಎಂದೋ ಬಾಯಿ ಬಿಟ್ಟರು, ಇಲ್ಲದಿದ್ದರೆ ಈ ಸುದ್ದಿ ಶಿವಮೊಗ್ಗದವರೆಗೆ ಹೇಗೆ ಬರುತ್ತಿತ್ತು?

ಮಗನ ಪ್ರಶ್ನೆಗೆ ಇದೇ ದಾರಿ. ಯೇಸು ಏಳುವುದನ್ನು ಕಂಡವರು ಯಾರು? ಯಾರೂ ಇಲ್ಲ. ಅವನು ಕೇಳಿದ್ದು ಸರಿಯಾಗಿದೆ. ನಾಲ್ಕು ಶುಭಸಂದೇಶಗಳಲ್ಲಿ ಒಂದೂ ಆ ಗಳಿಗೆಯನ್ನು ವರ್ಣಿಸುವುದಿಲ್ಲ. ಕಂಡದ್ದು ಬರಿದಾದ ಸಮಾಧಿಯನ್ನು, ಆಮೇಲೆ ಎದ್ದವರನ್ನು. ಚರಿತ್ರೆಯಾಗಿ ಹೇಳಬಹುದಾದದ್ದು ಇಷ್ಟು: ಪಿಲಾತನು ಯೂದಾಯದ ಅಧಿಪತಿಯಾಗಿದ್ದ ಕ್ರಿ.ಶ. 26ರಿಂದ 36ರ ನಡುವೆ ಯೇಸುವನ್ನು ಶಿಲುಬೆಗೇರಿಸಲಾಯಿತು, ಶಿಷ್ಯರು ಚದುರಿದರು, ಪೇತ್ರ ಅವರನ್ನು ಬಲ್ಲೆನೆಂದು ಒಪ್ಪಿಕೊಳ್ಳಲೂ ಹೆದರಿದ. ಅದೇ ಜನ ಸ್ವಲ್ಪ ಕಾಲದಲ್ಲೇ, ಅದೇ ಜೆರುಸಲೇಮಿನಲ್ಲಿ, ಅವರು ಎದ್ದಿದ್ದಾರೆಂದು ಬಹಿರಂಗವಾಗಿ ಸಾರತೊಡಗಿದರು. ಕ್ರಿ.ಶ. 55ರ ಆಸುಪಾಸಿನಲ್ಲಿ ಪೌಲನು ಕೊರಿಂಥದವರಿಗೆ ಬರೆಯುವಾಗ, ಎದ್ದ ಕ್ರಿಸ್ತರನ್ನು ಕಂಡವರ ಪಟ್ಟಿ ಕೊಡುತ್ತಾನೆ: ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸೋದರರು, ಯಕೋಬ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ತಾನು ಇತರರಿಂದ ಪಡೆದದ್ದನ್ನೇ ದಾಟಿಸುತ್ತಿದ್ದೇನೆ ಎನ್ನುವುದರಿಂದ ಆ ಪಟ್ಟಿಯ ತಿರುಳು ಪತ್ರಕ್ಕಿಂತ ಹಳೆಯದು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ನಾಲ್ಕು ಶುಭಸಂದೇಶಗಳಲ್ಲೂ ಮೊದಲ ಸಾಕ್ಷಿಗಳು ಹೆಂಗಸರು. ಹೆಂಗಸರ ಸಾಕ್ಷ್ಯವನ್ನು ಒಪ್ಪಬಾರದೆಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಶಿಷ್ಯರಿಗೂ ಆ ಹೆಂಗಸರ ಮಾತು ಹರಟೆಯಾಗಿ ಕಂಡಿತೆಂದು ಲೂಕ ಮುಚ್ಚಿಡದೆ ಹೇಳುತ್ತಾನೆ. ಕಟ್ಟುಕಥೆ ಹೆಣೆಯುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ಇದು ಗಣಿತದ ಸಾಧನೆಯಲ್ಲ, ಚರಿತ್ರೆ ನಮ್ಮನ್ನು ಬಾಗಿಲವರೆಗೆ ಕರೆತರುತ್ತದೆ, ಒಳಗೆ ಹೋಗುವುದು ವಿಶ್ವಾಸದ ಕೆಲಸ. ನಿಮ್ಮ ಮಗ ಈಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾನೆ. ಯೇಸುವಿನ ಶಿಷ್ಯ ತೋಮನೂ ಕೇಳಿದ್ದ. ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದಿದ್ದ. ಅವನಿಗಾಗಿಯೇ ಸ್ವಾಮಿ ಎಂಟು ದಿನಗಳ ಮೇಲೆ ಮತ್ತೆ ಬಂದರು.

ಆ ಗಾಯಗಳ ಬಳಿ ಸ್ವಲ್ಪ ನಿಲ್ಲೋಣ. ಸಾವನ್ನು ಗೆದ್ದ ದೇಹದಲ್ಲಿ ಮೊಳೆಯ ಗುರುತು ಉಳಿದದ್ದೇಕೆ? ಎಲ್ಲವನ್ನೂ ಹೊಸದಾಗಿಸುವ ದೇವರಿಗೆ ಅವನ್ನು ಅಳಿಸುವುದು ಕಷ್ಟವಾಗಿತ್ತೇ? ಅಳಿಸಲಿಲ್ಲ. ಆ ಕೈಗಳಿಂದಲೇ ಶಿಷ್ಯರು ಅವರನ್ನು ಗುರುತು ಹಿಡಿದರು. ನಮ್ಮ ವಿಶ್ವಾಸ ಪ್ರಮಾಣದಲ್ಲಿ ‘ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ’ ಎನ್ನುತ್ತೇವೆ. ಆತ್ಮ ಉಳಿಯಿತು, ದೇಹ ಹೋದರೆ ಹೋಗಲಿ ಎನ್ನುವುದು ನಮ್ಮ ಪಾಠವಲ್ಲ. ನಿಮ್ಮ ಯಜಮಾನರ ಕೈಗಳನ್ನು ನೀವು ಬಲ್ಲಿರಿ. ಮೈಲುತುತ್ತು, ಸುಣ್ಣ ಬೆರೆಸಿ ಬೆರೆಸಿ ಬೆರಳ ಸಂದಿಯಲ್ಲಿ ಮಳೆಗಾಲವಿಡೀ ಉಳಿಯುತ್ತಿದ್ದ ನೀಲಿ, ಮರವನ್ನು ಅಪ್ಪಿ ಹತ್ತಿ ಎದೆಯ ಮೇಲೆ, ಪಾದಗಳ ಮೇಲೆ ಬಿದ್ದ ಜಡ್ಡು. ಸಮಾಧಿಯಲ್ಲಿ ದೇಹ ಮಣ್ಣಾಗುತ್ತದೆ, ದೇವರು ಅದನ್ನು ಹೇಗೆ ಮಾರ್ಪಡಿಸುತ್ತಾರೆಂಬುದು ನಮ್ಮ ಕಲ್ಪನೆಯನ್ನು ಮೀರಿದ್ದು. ಆದರೆ ಆ ಕೈಗಳು ದುಡಿದದ್ದನ್ನು, ನಿಮ್ಮನ್ನೂ ಮಗನನ್ನೂ ಪ್ರೀತಿಸಿದ್ದನ್ನು ದೇವರು ಕಸದಂತೆ ಎಸೆಯುವುದಿಲ್ಲ. ನೀವು ಪ್ರೀತಿಸಿದ ಅದೇ ಮನುಷ್ಯ ಏಳುತ್ತಾನೆ, ಗುರುತು ಸಿಗದ ಇನ್ನಾರೋ ಅಲ್ಲ.

ಇದರಿಂದಲೇ ಮಗನ ಮರ ಹತ್ತುವ ಮಾತಿಗೂ ಉತ್ತರ ಹುಟ್ಟುತ್ತದೆ. ಕೊನೆಗಾರನ ಕೆಲಸ ಕೀಳಲ್ಲ; ಅವರಿಲ್ಲದೆ ಮಲೆನಾಡಿನ ತೋಟಗಳಿಲ್ಲ. ಅಪ್ಪನ ಕೆಲಸದ ಮೇಲೆ ಹುಡುಗನಿಗೆ ಅಭಿಮಾನವಿರುವುದು ಒಳ್ಳೆಯದೇ. ಆದರೆ ಮಳೆಯಲ್ಲಿ ಪಾಚಿಗಟ್ಟಿದ ಮರಕ್ಕೆ ಆಸರೆಯಿಲ್ಲದೆ ಹತ್ತುವುದನ್ನು ಧೈರ್ಯ ಎನ್ನಬೇಡಿ. ದೇಹ ದೇವರಿಗೆ ಅಷ್ಟು ಬೆಲೆಯುಳ್ಳದ್ದಾದರೆ ನಮಗೂ ಆಗಿರಬೇಕು. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯಲು, ಕೊನೆ ತೆಗೆಯಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಹತ್ತಲೇಬೇಕಾದಲ್ಲಿ ಸುರಕ್ಷತಾ ಬೆಲ್ಟ್ ಕೊಡಿಸುವುದು ತೋಟದವರ ಹೊಣೆ. ಓದು ನಿಲ್ಲಿಸಬೇಡವೆಂದು ಅವನಿಗೆ ಖಂಡಿತವಾಗಿ ಹೇಳಿ, ನಾನು ಹೇಳಿದೆನೆಂದೂ ಹೇಳಿ. ಅಮ್ಮನ ಭಾರ ಇಳಿಸಲು ಅವನು ಹೀಗೆ ಯೋಚಿಸುತ್ತಿದ್ದಾನೆ ಎಂದು ನನಗನ್ನಿಸುತ್ತದೆ. ಆ ಭಾರವನ್ನು ಹದಿನೇಳರ ಹುಡುಗನೊಬ್ಬನೇ ಹೊರಬೇಕಾದದ್ದಲ್ಲ, ನಿಮ್ಮ ಧರ್ಮಕೇಂದ್ರವೂ, ಅಂದರೆ ನಿಮ್ಮ ಊರಿನ ಚರ್ಚಿನ ಸಮುದಾಯವೂ, ಹೊರಬೇಕಾದದ್ದು.

ಹೀಗೆನ್ನಲು ಆಧಾರವಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ಪೂರ್ತಿ, 58 ವಚನ, ಪುನರುತ್ಥಾನದ ಮೇಲೆಯೇ ಇದೆ. ಸಾವೇ, ನಿನ್ನ ಜಯ ಎಲ್ಲಿ ಎಂದು ಪೌಲ ಅಲ್ಲಿ ಗುಡುಗುತ್ತಾನೆ. ಕೊನೆಯ ವಚನದಲ್ಲಿ ದನಿ ಇಳಿಸಿ, ನಿಮ್ಮ ದುಡಿಮೆ ವ್ಯರ್ಥವಲ್ಲ, ಅಲುಗದೆ ನಿಲ್ಲಿ ಎನ್ನುತ್ತಾನೆ. ಮರುಸಾಲಿಗೇ, 16ನೆಯ ಅಧ್ಯಾಯದ ಆರಂಭದಲ್ಲಿ, ಚಂದಾ ಎತ್ತುವ ಮಾತು! ಜೆರುಸಲೇಮಿನ ವಿಶ್ವಾಸಿಗಳ ನೆರವಿಗಾಗಿ ಪ್ರತಿಯೊಬ್ಬನೂ ವಾರದ ಮೊದಲ ದಿನ ತನ್ನ ಕೈಲಾದಷ್ಟು ತೆಗೆದಿಡಲಿ ಎನ್ನುತ್ತಾನೆ. ವಾರದ ಮೊದಲ ದಿನ ಎಂದರೆ ಭಾನುವಾರ, ಸ್ವಾಮಿ ಎದ್ದ ದಿನ. ಅಧ್ಯಾಯ, ವಚನಗಳ ಗೆರೆ ಎಳೆದವರು ಬಹಳ ನಂತರದವರು. ಪೌಲನ ಕೈಯಲ್ಲಿ ಇವೆರಡು ಒಂದೇ ಉಸಿರಿನಲ್ಲಿ ಬಂದ ಮಾತುಗಳು. ಆದ್ದರಿಂದ ನಿಮ್ಮ ಗುರುಗಳ ಬಳಿ ಸಂಕೋಚವಿಲ್ಲದೆ ಹೋಗಿ. ಧರ್ಮಕೇಂದ್ರದಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ ಇದ್ದರೆ ಮಗನ ಶುಲ್ಕದ ಮಾತನ್ನು ಅವರ ಮುಂದಿಡಿ. ವಿಧವಾ ವೇತನಕ್ಕೆ ಇನ್ನೂ ಅರ್ಜಿ ಹಾಕಿರದಿದ್ದರೆ ನಾಡಕಚೇರಿಗೆ ಹೋಗುವಾಗ ಅವರಲ್ಲಿ ಒಬ್ಬರು ಜೊತೆಗೆ ಬರಲಿ. ಇದು ಭಿಕ್ಷೆಯಲ್ಲ. ಪುನರುತ್ಥಾನವನ್ನು ನಂಬುವ ಸಭೆ ಮಾಡಬೇಕಾದ ಕೆಲಸ.

ರಾತ್ರಿಯ ಹೆದರಿಕೆಗೆ ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಎರಡು ವರ್ಷ ನಿದ್ದೆ ಸರಿಯಾಗಿ ಬರದಿರುವುದು ವಿಶ್ವಾಸದ ಕೊರತೆಯಲ್ಲ, ದೇಹ, ಮನಸ್ಸು ಎರಡೂ ದಣಿದಿವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೌಲನಂಥ ಪೌಲನೇ ಒಮ್ಮೆ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭಾರ ಹಾಕಲು ಆಗ ಕಲಿತೆವು ಎನ್ನುತ್ತಾನೆ.

ಹಬ್ಬಕ್ಕೆ ಹೋಗಲೇ ಎಂದು ಕೇಳಿದಿರಿ. ಹೋಗಿ. ಆದರೆ ‘ಅಲ್ಲೆಲೂಯ’ದ ಹೊತ್ತಿಗಲ್ಲ, ಅದಕ್ಕಿಂತ ಮೊದಲೇ, ಹೊರಗೆ ಕತ್ತಲಲ್ಲಿ ಬೆಂಕಿ ಹೊತ್ತಿಸುವಾಗಲೇ ಹೋಗಿ. ಪವಿತ್ರ ಶನಿವಾರ ಹಗಲೆಲ್ಲ ದೇವಾಲಯದಲ್ಲಿ ಪೂಜೆಯಿಲ್ಲ, ಪೀಠ ಬರಿದು, ಗಂಟೆ ಮೌನ. ಸಭೆ ಆ ಶೂನ್ಯವನ್ನು ಮುಚ್ಚಿಡುವುದಿಲ್ಲ, ಇಡೀ ಒಂದು ದಿನ ಅದರೊಳಗೆ ಕುಳಿತಿರುತ್ತದೆ. ನಿಮ್ಮ ಮನಸ್ಸು ಇನ್ನೂ ಆ ಶನಿವಾರದಲ್ಲೇ ಇದ್ದರೆ ನೀವು ಸಭೆಯ ಹೊರಗಿಲ್ಲ. ಗುರುಗಳು ಪಾಸ್ಖ ಮೇಣದ ಬತ್ತಿಗೆ ಐದು ಧೂಪದ ಹರಳುಗಳನ್ನು ಚುಚ್ಚುವುದನ್ನು ಗಮನಿಸಿ, ಅವು ಐದು ಗಾಯಗಳು. ಗಾಯಗಳನ್ನು ಗುರುತಿಸಿದ ಮೇಲೆಯೇ ಆ ಬತ್ತಿಗೆ ಬೆಳಕು. ಜ್ಞಾನಸ್ನಾನದಲ್ಲಿ ಮಗುವಿನ ಬತ್ತಿಯನ್ನು ಹಚ್ಚುವುದು ಆ ಬೆಳಕಿನಿಂದ. ಶವಸಂಸ್ಕಾರದ ಪೂಜೆಯಲ್ಲಿ ಪೆಟ್ಟಿಗೆಯ ಬಳಿ ಉರಿಯುವುದೂ ಅದೇ ಬತ್ತಿ. ಅದರಿಂದ ನಿಮ್ಮ ಕೈಯ ಸಣ್ಣ ಬತ್ತಿ ಹಚ್ಚಿಕೊಳ್ಳಿ. ಅಳು ಬಂದರೆ ಅಳಿ, ಎದ್ದು ಹೊರಗೆ ಹೋಗಬೇಡಿ. ಹಾಡಲಾಗದಿದ್ದರೆ ಸುಮ್ಮನಿರಿ, ಅಕ್ಕಪಕ್ಕದವರು ನಿಮ್ಮ ಪಾಲನ್ನೂ ಸೇರಿಸಿ ಹಾಡುತ್ತಾರೆ. ಪಾಸ್ಖ ಕಾಲ ಒಂದು ದಿನದ್ದಲ್ಲ, ಐವತ್ತು ದಿನಗಳದು. ಮೊದಲ ರಾತ್ರಿಯೇ ನಗಬೇಕೆಂಬ ಅವಸರವಿಲ್ಲ.

ಮಗನಿಗೆ ಒಂದು ಮಾತು ತಿಳಿಸಿ. ಪರೀಕ್ಷೆ ಮುಗಿದ ಮೇಲೆ ಮಾರ್ಕನ ಶುಭಸಂದೇಶವನ್ನು ಒಂದೇ ಕೂರಿನಲ್ಲಿ ಓದಲಿ. ಹದಿನಾರೇ ಅಧ್ಯಾಯ, ಒಂದೂವರೆ ತಾಸು ಸಾಕು. ಓದುವಾಗ ಅನುಮಾನ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ, ಆಮೇಲೆ ಬಸ್ ಹತ್ತಿ ಶಿವಮೊಗ್ಗಕ್ಕೆ ಬರಲಿ. ಆ ಗೆರೆಗಳಿಂದಲೇ ನಾವಿಬ್ಬರೂ ಮಾತು ಶುರು ಮಾಡುತ್ತೇವೆ.